ಬಾಗಿಲಿನೊಳಗಿನ ಪೇಪರ್: ಹಳೆ ಕಾರಿಗೆ ಪುಟ್ಟಿ ಹಚ್ಚುವುದು ಅಂದರೆ ಏನು?

ನಮ್ಮ ಹಳೆ ಪ್ರೀಮಿಯರ್ ಪದ್ಮಿನಿ ಕಾರಿನ ಎಡಗಡೆ ಹಿಂಬಾಗಿಲಿನ ಕೆಳತುದಿಯಲ್ಲಿ ಒಂದು ದಿನಪತ್ರಿಕೆ ಸಿಕ್ಕಿತು. ಬಾಗಿಲಿನ ಜೇಬಿನಲ್ಲಲ್ಲ, ತಗಡು ಇರಬೇಕಾದ ಜಾಗದಲ್ಲಿ. ಬಣ್ಣ ಉಬ್ಬಿದ್ದ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಮೀಟಿದೆ. ಅಂಗೈ ಅಗಲದ ಪುಟ್ಟಿಯ ತುಂಡೊಂದು ಬಿಸ್ಕತ್ತಿನ ಹಾಗೆ ಮುರಿದು ಕೆಳಗೆ ಬಿತ್ತು. ಅಳೆದು ನೋಡಿದರೆ ಒಂದು ಸೆಂಟಿಮೀಟರಿಗಿಂತ ದಪ್ಪ. ಅದರ ಹಿಂದೆ ಮುದ್ದೆ ಮಾಡಿ ತುರುಕಿದ ಪೇಪರ್. ಸೈಟ್ ಮಾರಾಟದ ಒಂದು ಜಾಹೀರಾತನ್ನು ಇನ್ನೂ ಓದಬಹುದಿತ್ತು. ತಗಡನ್ನು ಮಾತ್ರ ತುಕ್ಕು ಎಂದೋ ತಿಂದು ಮುಗಿಸಿತ್ತು.

ಇಂಥ ಕೆಲಸದಿಂದಲೇ ಪುಟ್ಟಿಗೆ, ಅಂದರೆ ಬಾಡಿಯ ತಗ್ಗು ತುಂಬುವ ಲೇಪಕ್ಕೆ, ಕೆಟ್ಟ ಹೆಸರು ಬಂದಿದೆ. ಸೆಕೆಂಡ್‌ಹ್ಯಾಂಡ್ ಗಾಡಿ ನೋಡಲು ಹೋದವರು ಬೆರಳಿನಿಂದ ಬಾಡಿ ತಟ್ಟಿ, ಸದ್ದು ಕೇಳಿ, "ಇದು ಪುಟ್ಟಿ ಗಾಡಿ" ಎಂದು ಮೂಗು ಮುರಿಯುತ್ತಾರೆ. ಆದರೆ ಕನ್ನಡಿಯಂತೆ ಹೊಳೆಯುವ ಹಳೆ ಕಾರುಗಳ ಬಣ್ಣದ ಕೆಳಗೂ ಸಾಮಾನ್ಯವಾಗಿ ಪುಟ್ಟಿ ಇದ್ದೇ ಇರುತ್ತದೆ. ಅಲ್ಲಿ ಅದು ಒಂದು ಮಿಲಿಮೀಟರ್, ಬಹಳವಾದರೆ ಎರಡು. ನಮ್ಮ ಬಾಗಿಲಿನಲ್ಲಿ ಇದ್ದದ್ದು ಹತ್ತಕ್ಕಿಂತ ಜಾಸ್ತಿ. ವಸ್ತು ಒಂದೇ, ಅದಕ್ಕೆ ಒಪ್ಪಿಸಿದ ಕೆಲಸ ಬೇರೆ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಹತ್ತಿರದ ಶೆಡ್ಡೊಂದರಲ್ಲಿ ಕೆಲಸ ಮಾಡುವ ಪೇಂಟರ್ ಚಾಚಾಗೆ ಆ ತುಂಡನ್ನು ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ ನಕ್ಕರು. "ಸರ್, ಪುಟ್ಟಿ ಹಚ್ಚೂದು ಹತ್ತು ನಿಮಿಷದ ಕೆಲಸ. ತೆಗೆಯೂದು ಎರಡು ದಿನದ್ದು. ಇವ್ರು ತೆಗೆಯೂದು ಮರ್ತಾರ್ ನೋಡ್ರಿ" ಅಂದರು. ತಮಾಷೆಗೆ ಹೇಳಿದ್ದೇನೋ ನಿಜ. ಆದರೆ ಈ ಕೆಲಸದ ಮುಕ್ಕಾಲು ಪಾಲು ಆ ಮಾತಿನಲ್ಲೇ ಇದೆ. ಹಚ್ಚಿದ ಪುಟ್ಟಿಯಲ್ಲಿ ಬಹುಪಾಲು ಧೂಳಾಗಿ ನೆಲಕ್ಕೆ ಬೀಳಬೇಕು. ಉಳಿದ ತೆಳು ಪದರಕ್ಕಷ್ಟೇ ಬಾಡಿಯ ಮೇಲೆ ಜಾಗ.

ಡಬ್ಬಿಯಲ್ಲಿ ಇರುವುದೇನು?

ಮನೆ ಗೋಡೆಗೆ ಹಚ್ಚುವ ಪುಟ್ಟಿ ಬೇರೆ, ಇದು ಬೇರೆ. ಗಾಡಿಯ ಪುಟ್ಟಿಯಲ್ಲಿ ಪಾಲಿಯೆಸ್ಟರ್ ರಾಳ ಇರುತ್ತದೆ. ಅದನ್ನು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿಸಿರುತ್ತಾರೆ. ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ಅದರದ್ದೇ. ಮಂದ ಮಾಡಲು ಟಾಲ್ಕ್ ಪುಡಿ ಬೆರೆಸಿರುತ್ತಾರೆ, ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಬರುವ ಅದೇ ಟಾಲ್ಕ್. ಅದು ಅತಿ ಮೃದುವಾದ ಖನಿಜ. ಹಾಗಾಗಿಯೇ ಗಟ್ಟಿಯಾದ ಮೇಲೂ ಪುಟ್ಟಿಯನ್ನು ಎಮರಿ ಪೇಪರಿನಿಂದ ಸಲೀಸಾಗಿ ಉಜ್ಜಬಹುದು.

ಜೊತೆಗೆ ಬರುವ ಚಿಕ್ಕ ಟ್ಯೂಬಿನಲ್ಲಿ ಹಾರ್ಡ್ನರ್ ಇರುತ್ತದೆ. ಅದರ ಮುಖ್ಯ ವಸ್ತು ಬೆನ್ಝಾಯಿಲ್ ಪೆರಾಕ್ಸೈಡ್. ಮೊಡವೆಗೆ ಡಾಕ್ಟರ್ ಬರೆದುಕೊಡುವ ಕೆಲವು ಮುಲಾಮುಗಳಲ್ಲಿ ಇರುವುದೂ ಇದೇ. ಇದು ಸೇರಿದ ಕೂಡಲೇ ರಾಳದ ಉದ್ದುದ್ದ ಎಳೆಗಳನ್ನು ಸ್ಟೈರೀನ್ ಒಂದಕ್ಕೊಂದು ಗಂಟು ಹಾಕುತ್ತಾ ಹೋಗುತ್ತದೆ. ದ್ರವ ಬಲೆಯಾಗುತ್ತದೆ, ಬಲೆ ಬಿಗಿದು ಕಲ್ಲಾಗುತ್ತದೆ. ಜೊತೆಗೆ ಬಿಸಿಯೂ ಹುಟ್ಟುತ್ತದೆ. ಕಲಸಿದ ಮುದ್ದೆಯನ್ನು ಮುಟ್ಟಿದರೆ ಗೊತ್ತಾಗುತ್ತದೆ.

ಅಂದರೆ ಇದು ಒಣಗುವ ಕೆಲಸ ಅಲ್ಲ, ಬೇಯುವ ಕೆಲಸ. ಹಳೆ ಗ್ಯಾರೇಜುಗಳಲ್ಲಿ ಜಾಸ್ತಿ ಬಳಸುತ್ತಿದ್ದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ನಿಜವಾಗಿಯೂ ಒಣಗುತ್ತಿತ್ತು. ಅದರಲ್ಲಿನ ಥಿನ್ನರ್ ಹಾರಿಹೋಗುತ್ತಿತ್ತು, ಪದರ ಕುಗ್ಗುತ್ತಿತ್ತು. ದಪ್ಪ ಹಚ್ಚಿದರೆ ಇವತ್ತು ಸಮ ಕಂಡದ್ದು ತಿಂಗಳ ನಂತರ ತಗ್ಗು. ಸಣ್ಣ ಗೀರು, ಸೂಜಿತೂತು ಮುಚ್ಚಲು ಅದು ಪರವಾಗಿಲ್ಲ. ತಗ್ಗು ತುಂಬಲು ಪಾಲಿಯೆಸ್ಟರೇ ಬೇಕು.

ಇದು ಬರುವ ಮೊದಲು ತಗ್ಗು ತುಂಬುತ್ತಿದ್ದದ್ದು ಸೀಸದಿಂದ. ಕಲಾಯಿ ಹಾಕುವವರನ್ನು ನೋಡಿದವರಿಗೆ ಆ ಕೆಲಸ ಬೇಗ ಅರ್ಥವಾಗುತ್ತದೆ. ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ, ತವರ ಸವರುತ್ತಾರಲ್ಲ, ಹಾಗೆಯೇ ಮೊದಲು ಉಕ್ಕಿನ ತಗಡಿಗೆ ತವರದ ತೆಳು ಲೇಪ. ಅದರ ಮೇಲೆ ಸುಮಾರು 70 ಪಾಲು ಸೀಸ, 30 ಪಾಲು ತವರ ಸೇರಿದ ಕಡ್ಡಿಯನ್ನು ಬೆಂಕಿ ತೋರಿಸಿ ಬೆಣ್ಣೆಯಷ್ಟು ಮೆತ್ತಗೆ ಮಾಡಿ, ಕಟ್ಟಿಗೆಯ ಪಟ್ಟಿಯಿಂದ ಒತ್ತಿ ಹರಡುವುದು. ಕೆಲಸ ಗಟ್ಟಿ, ಆದರೆ ಕೈ ಪಳಗಿರಬೇಕು. ಮೇಲಾಗಿ ಸೀಸದ ಧೂಳು ವಿಷ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂದ ಮೇಲೆ ಸೀಸದ ಬಳಕೆ ಕಡಿಮೆಯಾಗುತ್ತಾ ಬಂತು. ಪುಟ್ಟಿ ಸುಲಭ. ಸುಲಭ ಆದದ್ದರಿಂದಲೇ ಅದರ ಹಿಂದೆ ಪೇಪರ್ ತುರುಕುವವರೂ ಹುಟ್ಟಿಕೊಂಡರು ಅನ್ನುವುದು ನನ್ನ ಲೆಕ್ಕ.

ಮೊದಲು ಪತ್ರಾ, ಆಮೇಲೆ ಪುಟ್ಟಿ

ಹಳೆ ಕಾರಿನ ಬಾಡಿ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ, ಕೆಲವು ಕಡೆ ಅದಕ್ಕಿಂತ ತುಸು ಕಡಿಮೆ. ಅದರ ಮೇಲೆ ಹತ್ತು ಮಿಲಿಮೀಟರ್ ಪುಟ್ಟಿ ಕೂತರೆ ಏನಾಗುತ್ತದೆ ಯೋಚಿಸಿ. ಬಾಗಿಲನ್ನು ಧಡ್ ಅಂತ ಹಾಕಿದಾಗ ತಗಡು ಕಂಪಿಸುತ್ತದೆ, ಪುಟ್ಟಿ ಬಾಗುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಡಿ ಕೈ ಇಡಲಾಗದಷ್ಟು ಕಾಯುತ್ತದೆ. ಒಂದು ಮೀಟರ್ ಉಕ್ಕು 50 ಡಿಗ್ರಿ ಬಿಸಿಯಾದರೆ ಸುಮಾರು 0.6 ಮಿಲಿಮೀಟರ್ ಹಿಗ್ಗುತ್ತದೆ. ಪುಟ್ಟಿ ಹಿಗ್ಗುವುದು ಅದಕ್ಕಿಂತ ಜಾಸ್ತಿ. ತೆಳು ಪದರ ಈ ಎಳೆದಾಟವನ್ನು ತಡೆದುಕೊಳ್ಳುತ್ತದೆ. ದಪ್ಪ ಪದರ ಸೀಳುತ್ತದೆ, ಇಲ್ಲವೇ ಅಂಚಿನಿಂದ ಏಳುತ್ತದೆ. ಉಜ್ಜಿ ಮುಗಿಸಿದ ಮೇಲೆ ಮೂರು ಮಿಲಿಮೀಟರ್ ದಾಟಬಾರದು ಅನ್ನುವ ಮಾತು ಬಂದದ್ದು ಇದರಿಂದ.

ಹಾಗಾಗಿ ತಗ್ಗನ್ನು ಆದಷ್ಟು ಸುತ್ತಿಗೆಯಿಂದಲೇ ಎತ್ತಬೇಕು. ಒಳಗಡೆ ಡಾಲಿ ಅನ್ನುವ ಉಕ್ಕಿನ ಗಟ್ಟಿ ಹಿಡಿದು ಹೊರಗಡೆ ಹಗುರವಾಗಿ ತಟ್ಟುವ ಈ ಕೆಲಸಕ್ಕೆ ನಮ್ಮ ಕಡೆ ಪತ್ರಾ ಕೆಲಸ ಅನ್ನುತ್ತಾರೆ, ಟಿಂಕರಿಂಗ್ ಅಂದರೂ ಅದೇ. ಇಲ್ಲಿ ಒಂದು ವಿಷಯ ಹೊಸಬರಿಗೆ ತಲೆಗೆ ಹೋಗುವುದು ನಿಧಾನ. ನನಗೂ ಹಾಗೆಯೇ ಆಯಿತು. ಪುಟ್ಟಿ ತಗ್ಗನ್ನು ತುಂಬುತ್ತದೆ, ಉಬ್ಬನ್ನು ಇಳಿಸುವುದಿಲ್ಲ. ಬಾಗಿಲಿನ ನಡುವೆ ಒಂದೇ ಒಂದು ಮಿಲಿಮೀಟರ್ ಉಬ್ಬು ಇದ್ದರೆ, ಪುಟ್ಟಿಯಿಂದ ಅದನ್ನು ಮರೆಮಾಡಲು ಇಡೀ ಬಾಗಿಲನ್ನೇ ಒಂದು ಮಿಲಿಮೀಟರ್ ಎತ್ತಬೇಕಾಗುತ್ತದೆ. ಅದರ ಬದಲು ಆ ಉಬ್ಬನ್ನು ನಾಲ್ಕು ಸಲ ತಟ್ಟಿ ಇಳಿಸಿದರೆ ಅರ್ಧ ಕಿಲೋ ಪುಟ್ಟಿ ಉಳಿಯುತ್ತದೆ.

ಇನ್ನೊಂದು ರೋಗ ಇದೆ. ತಗಡನ್ನು ಬೆರಳಿನಿಂದ ಒತ್ತಿದರೆ ಎಣ್ಣೆ ಡಬ್ಬಿಯ ತಳದ ಹಾಗೆ ಟಪ್ ಅಂತ ಒಳಗೆ ಹೋಗಿ, ಬಿಟ್ಟರೆ ಟಪ್ ಅಂತ ಹೊರಗೆ ಬರುತ್ತದೆ. ಏಟು ಬಿದ್ದಾಗ ತಗಡು ಎಳೆದುಕೊಂಡು ದೊಡ್ಡದಾಗಿದೆ, ಈಗ ಅದಕ್ಕೆ ಇದ್ದ ಜಾಗ ಸಾಲುತ್ತಿಲ್ಲ ಎಂದು ಅರ್ಥ. ಇದರ ಮೇಲೆ ಎಂಥ ಪುಟ್ಟಿ ಹಚ್ಚಿದರೂ ಒಂದು ದಿನ ಬಿರಿಯುತ್ತದೆ. ಗೊತ್ತಿರುವ ಮಿಸ್ತ್ರಿ ನಾಣ್ಯದಷ್ಟು ಜಾಗವನ್ನು ಗ್ಯಾಸಿನಿಂದ ಕೆಂಪಗೆ ಕಾಯಿಸಿ, ಎರಡು ಪೆಟ್ಟು ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾನೆ. ತಗಡು ಕುಗ್ಗಿ ಬಿಗಿಯಾಗುತ್ತದೆ. ನೋಡಲು ಮಾಟದ ಹಾಗೆ ಇರುತ್ತದೆ. ನಾನು ಕೈ ಹಾಕುವ ಕೆಲಸವಂತೂ ಅಲ್ಲ.

ತುಕ್ಕು ಹಿಡಿದು ತೂತಾದ ಜಾಗಕ್ಕೆ ಪುಟ್ಟಿ ಹಚ್ಚಲೇಬಾರದು. ಕೊಳೆತದ್ದನ್ನು ಕತ್ತರಿಸಬೇಕು, ಹೊಸ ತಗಡು ವೆಲ್ಡ್ ಮಾಡಬೇಕು. ಗೋವಾ, ಕೊಂಕಣದ ಕಡೆಯಿಂದ ಘಟ್ಟ ಹತ್ತಿ ಬಂದ ಗಾಡಿಗಳಲ್ಲಿ ಈ ಕೆಲಸ ಜಾಸ್ತಿ ಇರುತ್ತದೆ. ಉಪ್ಪುಗಾಳಿ ಬಿಟ್ಟೀತಾ?

ಕಲಸುವುದು, ಹಚ್ಚುವುದು

ಹಳೆ ಬಣ್ಣವನ್ನು ತಗ್ಗಿನ ಸುತ್ತ ಇನ್ನೊಂದು ಅಂಗೈ ಅಗಲದಷ್ಟು ತೆಗೆಯಬೇಕು. ಬಣ್ಣದ ಮೇಲೆಯೇ ಪುಟ್ಟಿ ಎಳೆದರೆ ಅಂಚಿನಲ್ಲಿ ಬಣ್ಣ ಮೆತ್ತಗಾಗಿ, ಆಮೇಲೆ ಹೊಸ ಬಣ್ಣದಲ್ಲಿ ಉಂಗುರದ ಹಾಗೆ ಗೆರೆ ಮೂಡುತ್ತದೆ. ತಗಡನ್ನು 80 ನಂಬರ್ ಎಮರಿ ಪೇಪರಿನಿಂದ (ನಂಬರ್ ಕಡಿಮೆಯಾದಷ್ಟೂ ಪೇಪರ್ ಒರಟು) ಒರಟು ಮಾಡಬೇಕು. ನುಣುಪಾದ ಉಕ್ಕನ್ನು ಪುಟ್ಟಿ ಹಿಡಿದುಕೊಳ್ಳುವುದಿಲ್ಲ, ಆ ಗೀರುಗಳೇ ಅದರ ಬೇರು. ಕೈಯ ಎಣ್ಣೆ ಕೂಡ ತಾಗದಂತೆ ಒರೆಸಬೇಕು.

ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹಂತವೇ ಕಷ್ಟ. ಸಂಜೆ ಬೆಳ್ಳಗೆ ಉಜ್ಜಿಟ್ಟ ತಗಡು ಬೆಳಿಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ಈಗ ಅನೇಕರು ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು, ಅದನ್ನು ಒರಟು ಮಾಡಿ, ಅದರ ಮೇಲೆ ಪುಟ್ಟಿ ಹಚ್ಚುತ್ತಾರೆ. ನನಗೂ ಇದೇ ಸರಿ ಅನ್ನಿಸುತ್ತದೆ. ಆದರೆ ಗೇಟು, ಕಿಟಕಿ ಸರಳಿಗೆ ಹಚ್ಚುವ ಮಾಮೂಲಿ ರೆಡ್ ಆಕ್ಸೈಡ್ ಬೇಡ. ಪುಟ್ಟಿಯ ಸ್ಟೈರೀನ್ ಅದನ್ನು ಮೆತ್ತಗೆ ಮಾಡುತ್ತದೆ. ಆಸಿಡ್ ಇರುವ ಎಚಿಂಗ್ ಪ್ರೈಮರ್ ಕೂಡ ಬೇಡ, ಪುಟ್ಟಿ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಡಬ್ಬಿಯನ್ನು ಮೊದಲು ತಳದಿಂದ ಕಲಕಿ. ನಿಂತ ಡಬ್ಬಿಯಲ್ಲಿ ರಾಳ ಮೇಲೆ ತೇಲಿ, ಪುಡಿ ಕೆಳಗೆ ಕೂತಿರುತ್ತದೆ. ಹಾರ್ಡ್ನರ್ ಪ್ರಮಾಣ ತೂಕದಲ್ಲಿ ಸುಮಾರು ನೂರಕ್ಕೆ ಎರಡು. ತಕ್ಕಡಿ ಇಲ್ಲದಿದ್ದರೆ, ನಿಂಬೆಹಣ್ಣಿನಷ್ಟು ಪುಟ್ಟಿಗೆ ದೊಡ್ಡ ಕಾಬೂಲಿ ಕಡಲೆಯಷ್ಟು. "ಬೇಗ ಆಗ್ಲಿ" ಅಂತ ಎರಡು ಪಟ್ಟು ಹಾಕುವವರಿದ್ದಾರೆ. ಜಾಸ್ತಿಯಾದ ಪೆರಾಕ್ಸೈಡ್ ಒಳಗೇ ಉಳಿದು, ಮೇಲಿನ ಬಣ್ಣದಲ್ಲಿ ಕಲೆಯಾಗಿ ಏಳುತ್ತದೆ. ಬಿಳಿ ಗಾಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಡಿಮೆ ಹಾಕಿದರೆ ಅದು ಅಂಟಂಟಾಗಿಯೇ ಉಳಿಯುತ್ತದೆ, ಪೇಪರಿಗೆ ಮೆತ್ತಿಕೊಳ್ಳುತ್ತದೆ.

ಕಲಸುವುದು ಗಾಜು ಅಥವಾ ತಗಡಿನ ಹಲಗೆಯ ಮೇಲೆ. ರಟ್ಟಿನ ಮೇಲೆ ಬೇಡ, ರಟ್ಟು ರಾಳವನ್ನು ಹೀರುತ್ತದೆ. ಬಜ್ಜಿ ಹಿಟ್ಟಿನ ಹಾಗೆ ತಿರುವಿದರೆ ಗಾಳಿ ಸೇರಿ ಸೂಜಿತೂತುಗಳು ಬೀಳುತ್ತವೆ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಒತ್ತಿ ಎಳೆದು, ಮಡಚಿ, ಮತ್ತೆ ಒತ್ತಬೇಕು. ಹಾರ್ಡ್ನರಿಗೆ ಕೆಂಪು ಬಣ್ಣ ಇಟ್ಟಿರುವುದು ಇದಕ್ಕೇ. ಗೆರೆ ಇಲ್ಲದೆ ಒಂದೇ ಬಣ್ಣ ಬಂದರೆ ಕಲಸಿದ್ದು ಸಾಕು. 25 ಡಿಗ್ರಿ ಹವೆಯಲ್ಲಿ ಕೈಯಲ್ಲಿ ನಾಲ್ಕೈದು ನಿಮಿಷ ಇರುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲಿನಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಹಾಗಾಗಿ ಒಮ್ಮೆಗೆ ಸ್ವಲ್ಪವೇ ಕಲಸಿ.

ಮೊದಲ ಪದರವನ್ನು ಗೀರುಗಳ ಒಳಗೆ ಹೋಗುವಂತೆ ಬಲವಾಗಿ ಒತ್ತಿ ತೆಳ್ಳಗೆ. ಅದರ ಮೇಲೆ ಎರಡನೆಯದು, ತಗ್ಗಿಗಿಂತ ತುಂಬಾ ಅಗಲಕ್ಕೆ. ತಗ್ಗು ಅಂಗೈಯಷ್ಟಿದ್ದರೆ ಪುಟ್ಟಿ ಊಟದ ತಟ್ಟೆಯಷ್ಟು. ಪೂರ್ತಿ ಗಟ್ಟಿಯಾಗುವ ಮೊದಲು, ರಬ್ಬರಿನಂತೆ ಇರುವಾಗಲೇ, ಹಲ್ಲಿನ ಅರದಿಂದ ಮೇಲಿನ ಗುಡ್ಡಗಳನ್ನು ಕೊಬ್ಬರಿ ತುರಿದ ಹಾಗೆ ತುರಿದು ತೆಗೆಯಬಹುದು. ಆ ಸಮಯ ಒಂದೆರಡು ನಿಮಿಷ ಅಷ್ಟೇ, ಚಹಾ ಕುಡಿಯಲು ಹೋದರೆ ತಪ್ಪಿತು.

ಕೊರಡು ಹೊಡೆಯುವ ಹಾಗೆ

ಈಗ ನಿಜವಾದ ಕೆಲಸ. ನಮ್ಮ ಕಡೆ ಹೊಲ ಸಮ ಮಾಡಲು ಎತ್ತಿಗೆ ಕೊರಡು ಕಟ್ಟಿ ಎಳೆಯುತ್ತಾರಲ್ವಾ? ಉದ್ದ ಮರದ ದಿಮ್ಮಿ. ಅದು ತಗ್ಗಿನ ಒಳಗೆ ಇಳಿಯುವುದಿಲ್ಲ, ಮೇಲಿಂದ ದಾಟುತ್ತದೆ. ದಿಬ್ಬ ಸಿಕ್ಕರೆ ಸವರುತ್ತದೆ. ಅದೇ ಹೊಲವನ್ನು ಕೈಯಿಂದ ಸವರಿದರೆ ಕೈ ತಗ್ಗಿನಲ್ಲಿ ಇಳಿದು ದಿಬ್ಬದಲ್ಲಿ ಏರುತ್ತದೆ, ಹೊಲ ಇದ್ದ ಹಾಗೇ ಇರುತ್ತದೆ, ಬರೀ ನುಣುಪಾಗುತ್ತದೆ.

ಪುಟ್ಟಿ ಉಜ್ಜುವುದೂ ಹೀಗೆಯೇ. ಬೆರಳಿನಡಿ ಪೇಪರ್ ಹಿಡಿದು ಉಜ್ಜಿದರೆ ನುಣುಪು ಬರುತ್ತದೆ, ಸಮ ಬರುವುದಿಲ್ಲ. ನುಣುಪು ಬೇರೆ, ಸಮ ಬೇರೆ. ಈ ವ್ಯತ್ಯಾಸ ಒಂದು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಪೇಪರನ್ನು ಉದ್ದ ಪಟ್ಟಿಗೆ ಅಂಟಿಸಬೇಕು. ಪಟ್ಟಿ ತಗ್ಗಿಗಿಂತ ಉದ್ದ ಇರಬೇಕು, ಒಂದು ಅಡಿಗಿಂತ ಜಾಸ್ತಿ ಇದ್ದರೆ ಒಳ್ಳೆಯದು. ಒಂದೇ ದಿಕ್ಕಿಗೆ ಉಜ್ಜದೆ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಭಾರ ಹಾಕಬಾರದು, ಪೇಪರೇ ಕೊಯ್ಯಬೇಕು.

ಕಾರಿನ ಬಾಗಿಲು ಕನ್ನಡಿಯಂತೆ ಚಪ್ಪಟೆ ಅಲ್ಲ ಅನ್ನುವುದನ್ನೂ ಮರೆಯಬಾರದು. ಪದ್ಮಿನಿಯ ಬಾಗಿಲಿಗೆ ಮೇಲಿಂದ ಕೆಳಗೆ ಮೆಲ್ಲನೆಯ ಬಾಗು ಇದೆ. ಅಂಬಾಸಿಡರ್ ಅಂತೂ ಬಿಡಿ, ಅದರಲ್ಲಿ ಚಪ್ಪಟೆ ಜಾಗ ಹುಡುಕಬೇಕು. ಅಲ್ಲಿ ಗಟ್ಟಿ ಪಟ್ಟಿ ಹಿಡಿದು ಉಜ್ಜಿದರೆ ಬಾಗು ಹೋಗಿ ಗೋಡೆಯಾಗುತ್ತದೆ. ಬಾಗುವ ಪಟ್ಟಿ ಬೇಕು, ಇನ್ನೊಂದು ಕಡೆಯ ಬಾಗಿಲನ್ನು ನೋಡಿ ನೋಡಿ ಹೋಲಿಸಬೇಕು.

ಎಲ್ಲಿ ತಗ್ಗು ಉಳಿದಿದೆ ಎಂದು ತಿಳಿಯುವುದು ಹೇಗೆ? ಚಾಚಾ ಕಣ್ಣು ಮುಚ್ಚಿ, ಹತ್ತಿ ಬಟ್ಟೆಯ ಮೇಲಿಂದ ಅಂಗೈ ಚಪ್ಪಟೆ ಇಟ್ಟು ನಿಧಾನ ಸರಿಸುತ್ತಾರೆ. ನಮ್ಮಂಥವರಿಗೆ ಸುಲಭ ದಾರಿ ಗೈಡ್ ಕೋಟ್. ಕಪ್ಪು ಸ್ಪ್ರೇ ಬಣ್ಣವನ್ನು ದೂರದಿಂದ ಮಂಜಿನಂತೆ ಚಿಮುಕಿಸಿ, ಒಣಗಿದ ಮೇಲೆ ಪಟ್ಟಿ ಓಡಿಸಿ. ಎತ್ತರದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಪ್ಪು ಉಳಿದಲ್ಲಿ ಇನ್ನೊಂದು ತೆಳು ಪದರ. ಉಜ್ಜುವಾಗ ನಡುವೆ ತಗಡು ಹೊಳೆದರೆ ನಿಲ್ಲಿಸಿ, ಅದು ಉಬ್ಬು. ಸುತ್ತಿಗೆ ತನ್ನಿ. 80ರಲ್ಲಿ ಆಕಾರ, 120, 180ರಲ್ಲಿ ಗೀರು ತೆಗೆಯುವುದು, ಆಮೇಲೆ ದಪ್ಪ ಪ್ರೈಮರ್ ಹೊಡೆದು 320ರಲ್ಲಿ ಮತ್ತೊಮ್ಮೆ ಪಟ್ಟಿ. ಬಣ್ಣಕ್ಕೆ ಮೊದಲು 400, 600.

ಇಷ್ಟೆಲ್ಲ ಯಾಕೆ ಅಂದರೆ ಹೊಳಪು ಬಣ್ಣ ಚಾಡಿಕೋರ. ಮೇಲ್ಮೈ ಒಂದು ಡಿಗ್ರಿ ಓರೆಯಾದರೆ ಅದರಿಂದ ಚಿಮ್ಮುವ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಕೈಗೆ ಸಿಗದ ಅಲೆ ಕೂಡ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಹಾವಿನಂತೆ ಕುಣಿಸುತ್ತದೆ. ಕಪ್ಪು ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ, ಬಿಳಿಯಲ್ಲಿ ಅಡಗುತ್ತದೆ. ಸರ್ಕಾರಿ ಅಂಬಾಸಿಡರುಗಳು ಬಿಳಿ ಇದ್ದದ್ದು ಪೇಂಟರುಗಳ ಪುಣ್ಯ.

ಬಾಗಿಲಿನ ಸಂದುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಾಗಿಲನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪುಟ್ಟಿ ಮುಗಿಸಬೇಡಿ. ಮೊದಲು ಹಿಂಜಸ್ ಸರಿಮಾಡಿ, ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗ ಬಾಗಿಲು ಹಾಕಿ, ಪಕ್ಕದ ಬಾಗಿಲಿಗೂ ಸೇರಿಸಿ ಒಂದೇ ಪಟ್ಟಿ ಓಡಿಸಿ. ಆಗ ಬಾಡಿಯ ಗೆರೆ ಮುಂದಿನಿಂದ ಹಿಂದಿನವರೆಗೆ ಒಂದೇ ಆಗಿ ಹರಿಯುತ್ತದೆ.

ನೀರಿನ ಜಗಳ

ನಮ್ಮ ಗ್ಯಾರೇಜುಗಳ ಒಂದು ಹಳೆ ರೂಢಿಯ ಬಗ್ಗೆ ನನಗೆ ತಕರಾರು ಇದೆ. ಪುಟ್ಟಿಯನ್ನೇ ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜುವುದು. ಧೂಳು ಏಳುವುದಿಲ್ಲ, ಪೇಪರ್ ಬಾಳಿಕೆ ಬರುತ್ತದೆ, ಎಲ್ಲ ಸರಿ. ಆದರೆ ಟಾಲ್ಕ್ ತುಂಬಿದ ಪುಟ್ಟಿ ನೀರು ಹೀರುತ್ತದೆ. ಆ ನೀರು ತಗಡಿಗೆ ಇಳಿದು ಕೂರುತ್ತದೆ, ಮೇಲೆ ಬಣ್ಣ ಮುಚ್ಚಿಕೊಳ್ಳುತ್ತದೆ. ಹಿಂದೊಮ್ಮೆ ಊರಿನ ಒಂದು ಗ್ಯಾರೇಜಿನಲ್ಲಿ ಬಾನೆಟ್ ಮಾಡಿಸಿದ್ದೆ, ಮಳೆಗಾಲದಲ್ಲಿ, ನೀರು ಹಾಕಿಯೇ ಉಜ್ಜಿದ್ದರು. ದಸರೆಗೆ ಫಳಫಳ. ಮುಂದಿನ ಯುಗಾದಿಯ ಹೊತ್ತಿಗೆ ಸಾಸಿವೆ ಗಾತ್ರದ ಗುಳ್ಳೆಗಳು. ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು. ನೀರು ಬೇಕಿದ್ದರೆ ಪ್ರೈಮರ್ ಪೂರ್ತಿ ಮುಚ್ಚಿದ ಮೇಲೆ ಹಾಕಿ. ಒಣ ಉಜ್ಜುವಾಗ ಒಳ್ಳೆ ಮಾಸ್ಕ್ ಕಡ್ಡಾಯ, ಕರವಸ್ತ್ರ ಸಾಲದು. ಕಲಸುವಾಗ ಶೆಡ್ಡಿನ ಬಾಗಿಲು ತೆರೆದಿರಲಿ.

ಉದ್ಯಮಬಾಗದ ಫೌಂಡ್ರಿ, ಮಶೀನ್ ಶಾಪುಗಳನ್ನು ನೋಡಿದವರಿಗೆ ಪುಟ್ಟಿ ಹೊಸದೇನಲ್ಲ. ಎರಕದ ಮಶೀನ್ ಬಾಡಿಗೆ ಬಣ್ಣ ಹೊಡೆಯುವ ಮೊದಲು ಅದರ ಒರಟು ಮುಚ್ಚಲು, ಎರಕದ ಅಚ್ಚು ಮಾಡಲು ಬಳಸುವ ಕಟ್ಟಿಗೆಯ ಪ್ಯಾಟರ್ನ್‌ಗಳ (ಮಾದರಿಗಳ) ಸಂದು ತುಂಬಲು ಪುಟ್ಟಿ ಬಳಸುತ್ತಾರೆ. ಆದರೆ ಅಲ್ಲಿನ ಬೀಡುಕಬ್ಬಿಣ ದಪ್ಪ, ಬಾಗುವುದಿಲ್ಲ. ಆ ಅಂದಾಜಿನಲ್ಲಿ ಕಾರಿನ ತೆಳು ತಗಡಿಗೆ ಕೈ ಹಾಕಿದರೆ ಮೋಸ ಹೋಗುತ್ತೀರಿ.

ಹಳೆ ಗಾಡಿ ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ತೆಳು ಬಟ್ಟೆ ಸುತ್ತಿ ಬಾಗಿಲಿನ ಕೆಳತುದಿ, ಚಕ್ರದ ಕಮಾನು, ಫುಟ್‌ಬೋರ್ಡ್ ಹತ್ತಿರ ಆಡಿಸಿ. ಎಳೆತ ಸ್ವಲ್ಪ ಕಡಿಮೆಯಾದರೆ ಹೆದರಬೇಡಿ. ಮ್ಯಾಗ್ನೆಟ್ ನಿಲ್ಲದೇ ಬಿದ್ದರೆ ಅಲ್ಲಿ ಪೇಪರ್ ಇದ್ದರೂ ಇರಬಹುದು!

ನಮ್ಮ ಬಾಗಿಲಿನ ಕೆಳಗೆ ನಾಲ್ಕು ಬೆರಳು ಎತ್ತರದ ಹೊಸ ತಗಡು ವೆಲ್ಡ್ ಆಯಿತು. ಪುಟ್ಟಿ ಎರಡು ಪದರ, ಉಳಿದದ್ದು ಎಲ್ಲೂ ಒಂದೂವರೆ ಮಿಲಿಮೀಟರ್ ದಾಟಿಲ್ಲ. ಕತ್ತರಿಸಿ ತೆಗೆದ ಹಳೆ ತುಂಡನ್ನು ಚಾಚಾ ಬೆಳಕಿಗೆ ಹಿಡಿದು ತೋರಿಸಿದರು. ಬಾಗಿಲಿನ ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಹೊರಗೆ ಹೋಗಲು ಕೆಳಗಡೆ ಮೂರು ತೂತುಗಳಿರುತ್ತವೆ. ಮೂರರಲ್ಲೂ ಹಳೆ ಪುಟ್ಟಿ ಮೆತ್ತಿ ಮುಚ್ಚಿತ್ತು. ಹೊಸ ತಗಡಿನಲ್ಲಿ ಆ ತೂತುಗಳನ್ನು ಕೊರೆಸಿ, ಒಳಗಡೆಗೆ ಬಣ್ಣ ಹಚ್ಚಿ, ಮೇಲೆ ಮೇಣ ಚಿಮುಕಿಸಿದೆವು. ಬಣ್ಣದ ದಿನ ಅವುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿಟ್ಟಿದ್ದೆ.